ಜಿಡಿಬಿ ಡೀಬಗರ್: ವರ್ಷಗಟ್ಟಲೆ ಬಳಸಿದವನ ಅನಿಸಿಕೆ, ಸಿ ಕಲಿಯುತ್ತಿರುವವರಿಗೆ

ಡೀಬಗರ್ ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಒಳಗೆ ಏನಾಗುತ್ತಿದೆ ಅಂತ ನೋಡಿ ತಪ್ಪು ಹುಡುಕುವ ಸಾಧನ; ಜಿಡಿಬಿ ಅಂಥದ್ದೊಂದು. ಜಿಡಿಬಿ ತೆರೆದರೆ ಮೊದಲು ಲೈಸೆನ್ಸ್ ಬಗ್ಗೆ ಒಂದಷ್ಟು ಸಾಲು ಬರುತ್ತದೆ, ಆಮೇಲೆ ಕಮಾಂಡ್ ಟೈಪ್ ಮಾಡಲು ಒಂದು ಖಾಲಿ ಪ್ರಾಂಪ್ಟ್. ಬಟನ್ ಇಲ್ಲ, ಮೆನು ಇಲ್ಲ, ನೀವು ಬರೆದ ಕೋಡ್ ಕೂಡ ಕಾಣಿಸುವುದಿಲ್ಲ. ಹೊಸಬರು ಬಹಳ ಜನ ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ನನ್ನ ಕೆಲಸದಲ್ಲೂ ಇದನ್ನೇ ಬಳಸುತ್ತೇನೆ, ಸಿ ಕಲಿಯುವ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳ ಪಕ್ಕ ಕೂತು ಇದನ್ನೇ ತೋರಿಸುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ಇದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಸಾಧನ. ಏನು ಕೇಳಬೇಕು ಅಂತ ಗೊತ್ತಿಲ್ಲದೆ ತೆರೆದರೆ ಸುಮ್ನೆ ಕೂತಿರುತ್ತದೆ. ಗೊತ್ತಿದ್ದರೆ ಇಷ್ಟು ಒಳ್ಳೆಯ ಉತ್ತರ ಬೇರೆ ಯಾವುದೂ ಕೊಡುವುದಿಲ್ಲ. ಐದಕ್ಕೆ ನಾಲ್ಕು ಸ್ಟಾರ್, ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ ಮುಂದೆ ಹೇಳುತ್ತೇನೆ.

ದುಡ್ಡಿನ ಮಾತು ಬೇಗ ಮುಗಿಸೋಣ. ಉಚಿತ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಜಿಎನ್‌ಯು ಅನ್ನುವ ಮುಕ್ತ ಸಾಫ್ಟ್‌ವೇರ್ ಯೋಜನೆಗಾಗಿ ಬರೆದದ್ದು, ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಿವೆ. ಉಬುಂಟುವಿನಲ್ಲಿ ಒಂದೇ ಕಮಾಂಡಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಕಂಪೈಲ್ ಮಾಡುವಾಗ ಜಿಸಿಸಿ ಕಂಪೈಲರಿಗೆ ‘-ಜಿ’ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಡೀಬಗ್ ಸಿಂಬಲ್ (ನಿಮ್ಮ ಸಾಲು, ವೇರಿಯಬಲ್‌ಗಳ ಮಾಹಿತಿ) ಇಲ್ಲ ಅಂತ ಹೇಳಿ ಜಿಡಿಬಿ ಕೈ ಎತ್ತುತ್ತದೆ.

ನಮ್ಮಲ್ಲಿ ಎಷ್ಟೋ ಜನ ಟರ್ಬೊ ಸಿ ನೀಲಿ ಪರದೆಯಿಂದ ಬಂದವರು. ಅಲ್ಲೂ ಡೀಬಗರ್ ಇತ್ತು, ಎಫ್7 ಒತ್ತಿದರೆ ಫಂಕ್ಷನ್ ಒಳಗೆ ಹೋಗುತ್ತಿತ್ತು, ಎಫ್8 ಒತ್ತಿದರೆ ಮುಂದಿನ ಸಾಲಿಗೆ. ಲ್ಯಾಬಿನಲ್ಲಿ ಯಾರೂ ಅದನ್ನು ಹೇಳಿಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಟರ್ಬೊ ಸಿ ಓಡುತ್ತಿದ್ದ ಡಾಸ್‌ನಲ್ಲಿ ಮೆಮೊರಿಗೆ ಕಾವಲು ಇರಲಿಲ್ಲ. ತಪ್ಪು ಪಾಯಿಂಟರ್‌ಗೆ ಬರೆದರೂ ಪ್ರೋಗ್ರಾಮ್ ಏನೂ ಆಗದ ಹಾಗೆ ಓಡುತ್ತಿತ್ತು, ಹೆಚ್ಚೆಂದರೆ ಕೊನೆಯಲ್ಲಿ ‘ನಲ್ ಪಾಯಿಂಟರ್ ಅಸೈನ್‌ಮೆಂಟ್’ ಅಂತ ಒಂದು ಸಾಲು. ಅದೇ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಓಡಿಸಿದರೆ ‘ಸೆಗ್ಮೆಂಟೇಶನ್ ಫಾಲ್ಟ್’, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಅರ್ಧಕ್ಕೇ ಬಿತ್ತು ಅಂತ. ಯಾವ ಸಾಲು, ಯಾಕೆ, ಏನೂ ಹೇಳುವುದಿಲ್ಲ. ‘ಟರ್ಬೊದಲ್ಲಿ ಸರಿ ಇತ್ತಲ್ಲ ಸಾರ್’ ಅನ್ನುತ್ತಾರೆ ಮಕ್ಕಳು. ಸರಿ ಇರಲಿಲ್ಲ, ಕಾಣುತ್ತಿರಲಿಲ್ಲ ಅಷ್ಟೇ.

ಇಲ್ಲಿ ಜಿಡಿಬಿ ಮೊದಲ ಸಲ ಮನಸ್ಸು ಗೆಲ್ಲುತ್ತದೆ. ‘ರನ್’ ಅನ್ನಿ, ಬೀಳಲಿ. ಬಿದ್ದ ಮೇಲೆ ‘ಬಿಟಿ’ ಅನ್ನಿ. ಬ್ಯಾಕ್‌ಟ್ರೇಸ್, ಅಂದರೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂದದ್ದು ಅನ್ನುವ ಪಟ್ಟಿ. ಸ್ಕ್ಯಾನ್‌ಎಫ್‌ನಲ್ಲಿ & ಬಿಟ್ಟುಹೋಗಿ ಬಿದ್ದಿದ್ದರೆ ಮೇಲಿನ ಒಂದೆರಡು ಸಾಲು ಸಿ ಲೈಬ್ರರಿಯವು, ನೋಡಿದರೆ ಭಯ ಆಗುವ ಹೆಸರುಗಳು. ಎಷ್ಟೋ ಸಲ ಜೊತೆಗೆ ಯಾವುದೋ ಲೈಬ್ರರಿ ಫೈಲಿನ ಹೆಸರು ಹೇಳಿ ‘ನೋ ಸಚ್ ಫೈಲ್’ ಅಂತಲೂ ಬರುತ್ತದೆ. ಮಕ್ಕಳು ಇದನ್ನು ಓದಿ ತಮ್ಮ ಕಂಪ್ಯೂಟರಿನಲ್ಲಿ ಏನೋ ಇನ್‌ಸ್ಟಾಲ್ ಆಗಿಲ್ಲ ಅಂತ ಹುಡುಕಲು ಹೊರಡುತ್ತಾರೆ. ಆ ಫೈಲ್ ನಿಮಗೆ ಬೇಕಾಗಿಲ್ಲ. ಪಟ್ಟಿಯಲ್ಲಿ ಕೆಳಗೆ ಬನ್ನಿ, ‘ಮೈನ್’ ಅಂತ ಇರುವ ಸಾಲಿನಲ್ಲಿ ನಿಮ್ಮದೇ ಫೈಲಿನ ಹೆಸರು, ಲೈನ್ ನಂಬರ್ ಇರುತ್ತದೆ. ‘ಅಪ್’ ಅಂತ ಹೊಡೆಯುತ್ತಾ ಅಲ್ಲಿಗೆ ಹೋಗಿ ನೋಡಿದರೆ ಮುಗಿಯಿತು. ಒಂದು ಮಾತು ಮಾತ್ರ ನಿಜ, ಈ ತಪ್ಪಿಗೆ ಡೀಬಗರೇ ಬೇಕಾಗಿಲ್ಲ. ‘-ವಾಲ್’ ಕೊಟ್ಟು ಕಂಪೈಲ್ ಮಾಡಿದ್ದರೆ ಜಿಸಿಸಿಯೇ ಬೈದು ಹೇಳುತ್ತಿತ್ತು. ವಾರ್ನಿಂಗ್ ಓದದೆ ಡೀಬಗರ್ ತೆರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಡೀಬಗರ್ ಬೇಕೇ ಬೇಕು ಅನ್ನುವ ಜಾಗ ಬೇರೆ. ಎಲ್ಲರೂ ಒಮ್ಮೆ ಬರೆಯುವ ಮೆನು ಪ್ರೋಗ್ರಾಮ್ ತೆಗೆದುಕೊಳ್ಳಿ. ಒಂದು ಸಂಖ್ಯೆ ಕೇಳುತ್ತದೆ, ಲೆಕ್ಕ ಮಾಡುತ್ತದೆ, ಆಮೇಲೆ ‘ಇನ್ನೊಮ್ಮೆ ಮಾಡಬೇಕೇ, ವೈ ಅಥವಾ ಎನ್’ ಅಂತ ಕೇಳಿ ‘ಸಿಎಚ್’ ಅನ್ನುವ ವೇರಿಯಬಲ್‌ಗೆ ಒಂದು ಅಕ್ಷರ ಓದಬೇಕು. ಓದುವುದೇ ಇಲ್ಲ! ನಿಲ್ಲದೆ ಮುಂದೆ ಓಡಿ ಮುಗಿದುಹೋಗುತ್ತದೆ. ಪ್ರಿಂಟ್‌ಎಫ್ ಹಾಕಿ ಆ ಅಕ್ಷರ ತೋರಿಸಿದರೆ ಪರದೆಯ ಮೇಲೆ ಒಂದು ಖಾಲಿ ಸಾಲು ಕಾಣುತ್ತದೆ, ಖಾಲಿ ಸಾಲನ್ನು ಯಾರು ಗಮನಿಸುತ್ತಾರೆ? ಜಿಡಿಬಿಯಲ್ಲಿ ಸ್ಕ್ಯಾನ್‌ಎಫ್ ಆದ ಮುಂದಿನ ಸಾಲಿಗೆ ‘ಬ್ರೇಕ್’ ಹಾಕಿ (ಪ್ರೋಗ್ರಾಮ್ ಆ ಸಾಲಿಗೆ ಬಂದು ನಿಲ್ಲುತ್ತದೆ), ಅಲ್ಲಿ ನಿಂತ ಮೇಲೆ ‘ಪ್ರಿಂಟ್ ಸಿಎಚ್’ ಅನ್ನಿ. ಉತ್ತರ 10, ಪಕ್ಕದಲ್ಲಿ ಉಲ್ಟಾ ಸ್ಲ್ಯಾಷ್ ಎನ್, ಹೊಸ ಸಾಲಿನ ಗುರುತು. ಅಂದರೆ ಅಕ್ಷರ ಓದಿದೆ! ಸಂಖ್ಯೆ ಕೊಟ್ಟು ನೀವು ಒತ್ತಿದ ಎಂಟರ್ ಅಲ್ಲೇ ಉಳಿದಿತ್ತು, ಅದನ್ನೇ ಎತ್ತಿಕೊಂಡಿದೆ. ಇದು ಕಂಡ ಮೇಲೆ ಸ್ಕ್ಯಾನ್‌ಎಫ್‌ನಲ್ಲಿ ‘%’ಗಿಂತ ಮೊದಲು ಒಂದು ಸ್ಪೇಸ್ ಯಾಕೆ ಬಿಡುತ್ತಾರೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಪುಸ್ತಕದಲ್ಲಿ ಆ ಸ್ಪೇಸ್ ನೋಡಿ ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಂಡವರೂ ಇದ್ದಾರೆ.

‘ಪ್ರಿಂಟ್‌ಎಫ್ ಸಾಕು, ಡೀಬಗರ್ ಯಾಕೆ’ ಅನ್ನುವ ವಾದ ನನಗೂ ಗೊತ್ತು, ನಾನೂ ಪ್ರಿಂಟ್‌ಎಫ್ ಹಾಕುತ್ತೇನೆ. ಆದರೆ ಹೊಸಬರಿಗೆ ಅದು ಸುಳ್ಳು ಹೇಳುತ್ತದೆ. ಕೊನೆಯಲ್ಲಿ ಹೊಸ ಸಾಲಿನ ಗುರುತು ಹಾಕದ ಪ್ರಿಂಟ್‌ಎಫ್ ಬಫರಿನಲ್ಲೇ, ಅಂದರೆ ಪರದೆಗೆ ಹೋಗುವ ಮೊದಲಿನ ತಾತ್ಕಾಲಿಕ ಜಾಗದಲ್ಲೇ, ಕೂತಿರುತ್ತದೆ, ಅಷ್ಟರಲ್ಲಿ ಪ್ರೋಗ್ರಾಮ್ ಬಿದ್ದರೆ ಅದು ಪರದೆಗೆ ಬರುವುದೇ ಇಲ್ಲ. ‘ಇಲ್ಲಿಗೆ ಬಂತು’ ಅನ್ನುವ ಮೆಸೇಜ್ ಕಾಣಲಿಲ್ಲ, ಹಾಗಾದರೆ ತಪ್ಪು ಇದಕ್ಕಿಂತ ಮೇಲೆ ಇದೆ ಅಂತ ಸರಿಯಾಗಿರುವ ಕೋಡನ್ನೇ ಗಂಟೆಗಟ್ಟಲೆ ಕೆರೆಯುತ್ತಾರೆ.

ಜಿಡಿಬಿಯೂ ಒಂದು ಕಡೆ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಅದು ತೋರಿಸುವ ಸಾಲು ಇನ್ನೂ ಓಡಿಲ್ಲ, ಈಗ ಓಡಬೇಕಾಗಿರುವುದು. ‘ಟೋಟಲ್ = 0’ ಅನ್ನುವ ಸಾಲಿನ ಮೇಲೆ ನಿಂತು ‘ಪ್ರಿಂಟ್ ಟೋಟಲ್’ ಅಂದರೆ 32767 ಅಂತಲೋ ಇನ್ನೇನೋ ಕಸ ಬರುತ್ತದೆ. ಕಂಪ್ಯೂಟರ್ ಕೆಟ್ಟಿದೆ ಅನ್ನುವ ಮುಖ ಮಾಡುತ್ತಾರೆ. ಒಂದು ‘ನೆಕ್ಸ್ಟ್’ ಹೊಡೆದು ಮತ್ತೆ ಕೇಳಿ, ಸೊನ್ನೆ ಬರುತ್ತದೆ. ಇಲ್ಲೇ ಇನ್ನೊಂದು ಪಾಠವೂ ಆಗಿಬಿಡುತ್ತದೆ, ಸಿ ಭಾಷೆ ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗಳನ್ನು ತಾನಾಗಿ ಸೊನ್ನೆ ಮಾಡುವುದಿಲ್ಲ ಅಂತ.

ನನಗೆ ತುಂಬಾ ಇಷ್ಟವಾದ ಕಮಾಂಡ್ ‘ವಾಚ್’. ‘ಎಸ್’ ಅನ್ನುವ ಒಂದು ಸ್ಟ್ರಕ್ಟ್ ಇದೆ ಅಂದುಕೊಳ್ಳಿ, ಒಳಗೆ ಐದು ಮಾರ್ಕ್ಸ್‌ನ ಅರೇ, ಅದು ಮುಗಿದ ಕೂಡಲೇ ರೋಲ್ ನಂಬರ್. ಪ್ರೋಗ್ರಾಮ್ ರೋಲ್ ನಂಬರ್ 42 ಅಂತ ಓದುತ್ತದೆ, ಆಮೇಲೆ ಮಾರ್ಕ್ಸ್ ಎಲ್ಲ ಸೊನ್ನೆ ಮಾಡುತ್ತದೆ, ಕೊನೆಗೆ ಪ್ರಿಂಟ್ ಮಾಡುವಾಗ ರೋಲ್ ನಂಬರ್ 0. ರೋಲ್ ನಂಬರ್ ಓದುವ ಸಾಲನ್ನು ಹತ್ತು ಸಲ ನೋಡಿದರೂ ತಪ್ಪು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ತಪ್ಪಿಲ್ಲ. ಓದಿದ ಮೇಲೆ ನಿಲ್ಲಿಸಿ, ‘ವಾಚ್ ಎಸ್.ರೋಲ್’ ಅಂತ ಹೇಳಿ ‘ಕಂಟಿನ್ಯೂ’ ಮಾಡಿ. ಆ ಜಾಗಕ್ಕೆ ಯಾರೇ ಕೈ ಹಾಕಿದರೂ ಜಿಡಿಬಿ ಅಲ್ಲೇ ಹಿಡಿದು ನಿಲ್ಲಿಸುತ್ತದೆ: ಹಳೆಯ ಬೆಲೆ 42, ಹೊಸ ಬೆಲೆ 0. ನಿಂತದ್ದು ಎಲ್ಲಿ? ಮಾರ್ಕ್ಸ್ ಸೊನ್ನೆ ಮಾಡುವ ಲೂಪಿನಲ್ಲಿ. ‘ಪ್ರಿಂಟ್ ಐ’ ಅಂದರೆ 5. ಐದು ಮನೆಯ ಅರೇಗೆ 0ಯಿಂದ 4ರವರೆಗೆ ಮಾತ್ರ ನಂಬರ್ ಅಲ್ವಾ, ಲೂಪಿನಲ್ಲಿ ‘<’ ಬದಲು ‘<=’ ಇದೆ. ನಂಬಿಕೆ ಬರದಿದ್ದರೆ ಎಸ್.ಮಾರ್ಕ್ಸ್[5] ಮತ್ತು ಎಸ್.ರೋಲ್ ಎರಡರ ಅಡ್ರೆಸ್ಸನ್ನೂ & ಹಾಕಿ ಪ್ರಿಂಟ್ ಮಾಡಿಸಿ, ಎರಡೂ ಒಂದೇ. ಅರೇ, ಪಾಯಿಂಟರ್, ಮೆಮೊರಿ ಅಂತ ಬೋರ್ಡಿನ ಮೇಲೆ ಬರೆದ ಚೌಕಗಳು ಆಗ ನಿಜ ಅನ್ನಿಸುತ್ತವೆ.

ಚಿಕ್ಕಪುಟ್ಟ ಉಪಯೋಗ ಇನ್ನೂ ಇವೆ. ಸರಾಸರಿ ತಪ್ಪು ಬರುತ್ತಿದೆಯಾ, ಪ್ರಾಂಪ್ಟಿನಲ್ಲೇ ‘ಪ್ರಿಂಟ್ 7/2’ ಅಂತ ಕೇಳಿ, 3 ಅನ್ನುತ್ತದೆ. 7/2.0 ಕೇಳಿದರೆ 3.5. ಪ್ರೋಗ್ರಾಮ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಕಂಟ್ರೋಲ್-ಸಿ ಒತ್ತಿ, ಎಲ್ಲಿ ಸುತ್ತುತ್ತಿದೆಯೋ ಅಲ್ಲೇ ನಿಲ್ಲುತ್ತದೆ. ‘ವೈಲ್’ ಮುಂದೆ ಯಾರೋ ಹಾಕಿದ ಸೆಮಿಕೋಲನ್ ಎಷ್ಟು ಸಲ ಹೀಗೆ ಸಿಕ್ಕಿದೆಯೋ ಲೆಕ್ಕ ಇಲ್ಲ. ರಿಕರ್ಷನ್ ನಿಲ್ಲದೆ ಬಿದ್ದರೆ ಬ್ಯಾಕ್‌ಟ್ರೇಸ್ ಸಾವಿರಾರು ಸಾಲು ಸುರಿಯುತ್ತದೆ, ‘ಬಿಟಿ 5’ ಅಂತ ಕೇಳಿದರೆ ಐದೇ ಸಾಲು. ಸುಮ್ನೆ ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ಓಡುತ್ತದೆ, ‘ನೆಕ್ಸ್ಟ್’ ಅಂತ ಪದೇ ಪದೇ ಟೈಪ್ ಮಾಡಬೇಡಿ.

ಕನ್ನಡದವರಿಗೆ ಒಂದು ಮಜಾ. ಕ್ಯಾರೆಕ್ಟರ್ ಅರೇ ಒಳಗೆ ‘ಕನ್ನಡ’ ಅಂತ ಬರೆದು ಅದನ್ನು ರಿವರ್ಸ್ ಮಾಡುವ ಪ್ರೋಗ್ರಾಮ್ ಓಡಿಸಿ, ಪ್ರಶ್ನಾರ್ಥಕ ಚಿಹ್ನೆಗಳೋ ಚೌಕಗಳೋ ಬರುತ್ತವೆ. ಅಲ್ಗಾರಿದಮ್ ಸರಿಯಾಗೇ ಇದೆ. ಜಿಡಿಬಿಯಲ್ಲಿ ಆ ಅರೇಯ ‘ಸೈಜ್‌ಆಫ್’ ಕೇಳಿದರೆ 16. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಕ, ನ, ವಿರಾಮ (ಒತ್ತಕ್ಷರ ಮಾಡುವ ಗುರುತು), ನ, ಡ, ಒಟ್ಟು 15, ಕೊನೆಯ ಸೊನ್ನೆ ಸೇರಿ 16. ನಿಮ್ಮ ಪ್ರೋಗ್ರಾಮ್ ತಿರುಗಿಸಿದ್ದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಅರೇಯ ಮೊದಲ ಮನೆ ಪ್ರಿಂಟ್ ಮಾಡಿಸಿದರೆ ನಮ್ಮ ಸಾಮಾನ್ಯ ಪಿಸಿಗಳಲ್ಲಿ -32 ಅನ್ನುತ್ತದೆ, ‘ಕ’ ಅಲ್ಲ.

ಈಗ ಆ ಕಟ್ ಆದ ಸ್ಟಾರ್. ಕೋಡ್ ಕಾಣುವ ಹಾಗೆ ಪರದೆ ಇಬ್ಭಾಗ ಮಾಡುವ ಟಿಯುಐ ಮೋಡ್ ಇದೆ, ಕಂಟ್ರೋಲ್-ಎಕ್ಸ್ ಒತ್ತಿ ಎ ಒತ್ತಿದರೆ ಬರುತ್ತದೆ. ಚೆನ್ನಾಗಿದೆ, ನಿಮ್ಮ ಪ್ರೋಗ್ರಾಮ್ ಏನನ್ನಾದರೂ ಪ್ರಿಂಟ್ ಮಾಡುವವರೆಗೆ. ಆಮೇಲೆ ಔಟ್‌ಪುಟ್ ಕೋಡಿನ ಮೇಲೆ ಚೆಲ್ಲಿ ಎಲ್ಲ ಕಲಸುಮೇಲೋಗರ, ಕಂಟ್ರೋಲ್-ಎಲ್ ಒತ್ತಿ ಒತ್ತಿ ಸರಿ ಮಾಡಿಕೊಳ್ಳಬೇಕು. ಇಷ್ಟು ವರ್ಷವಾದರೂ ಇದೇ ಕಥೆ. ಹೊಸ ಆವೃತ್ತಿಗಳಲ್ಲಿ ‘ಡೀಬಗ್‌ಇನ್ಫೋಡಿ ಬೇಕೇ’ ಅಂತ ಒಂದು ಪ್ರಶ್ನೆ ಬೇರೆ. ಲೈಬ್ರರಿಗಳ ಡೀಬಗ್ ಮಾಹಿತಿಯನ್ನು ನೆಟ್‌ನಿಂದ ಇಳಿಸಲು ಕೇಳುವುದು. ನಿಧಾನದ ನೆಟ್ ಇರುವ ಲ್ಯಾಬಿನಲ್ಲಿ ವೈ ಒತ್ತಿದರೆ ಕಾಯುತ್ತಾ ಕೂರಬೇಕು, ಹೊಸಬರು ಬೇಡ ಅಂದುಬಿಡಿ. ಪ್ರೋಗ್ರಾಮ್ ವೇಗವಾಗಿ ಓಡಲಿ ಅಂತ ‘-ಓ2’ ಹಾಕಿ ಕಂಪೈಲ್ ಮಾಡಿದ್ದರೆ ವೇರಿಯಬಲ್ ಬೆಲೆ ಕೇಳಿದಾಗ ‘ಆಪ್ಟಿಮೈಸ್ಡ್ ಔಟ್’ ಅನ್ನುತ್ತದೆ, ಕಲಿಯುವಾಗ ಆಪ್ಟಿಮೈಸೇಶನ್ ಬೇಡವೇ ಬೇಡ. ಹಿಂದಕ್ಕೆ ಓಡಿಸುವ ಸೌಲಭ್ಯ 2009ರ 7.0 ಆವೃತ್ತಿಯಲ್ಲಿ ಬಂತು, ಕೇಳಲು ಅದ್ಭುತ. ನಾನು ಬಳಸಿದ ಆವೃತ್ತಿಗಳಲ್ಲಿ ಮಾತ್ರ ಅದು ಪ್ರಿಂಟ್‌ಎಫ್ ಒಳಗೆ ಹೋದ ಕೂಡಲೇ ‘ಈ ಇನ್‌ಸ್ಟ್ರಕ್ಷನ್ ಗೊತ್ತಿಲ್ಲ’ ಅಂತ ನಿಂತಿದ್ದೇ ಜಾಸ್ತಿ.

ಕಪ್ಪು ಪರದೆ ಆಗುವುದಿಲ್ಲ ಅನ್ನುವವರು ಕೋಡ್ ಬರೆಯುವ ಸಾಫ್ಟ್‌ವೇರ್‌ಗಳಾದ ವಿಎಸ್ ಕೋಡ್ ಅಥವಾ ಕೋಡ್::ಬ್ಲಾಕ್ಸ್ ಬಳಸಬಹುದು. ಜಿಸಿಸಿ ಹಾಕಿಕೊಂಡಿದ್ದರೆ ಒಳಗೆ ಸಾಮಾನ್ಯವಾಗಿ ಓಡುವುದು ಇದೇ ಜಿಡಿಬಿ. ಕೆಂಪು ಚುಕ್ಕೆ ಇಟ್ಟರೆ ಬ್ರೇಕ್‌ಪಾಯಿಂಟ್, ಪಕ್ಕದಲ್ಲಿ ವೇರಿಯಬಲ್ ಪಟ್ಟಿ, ಚೆಂದವಾಗಿ ಕಾಣುತ್ತದೆ. ಆದರೆ ವಿಎಸ್ ಕೋಡಿನ ಲಾಂಚ್ ಫೈಲ್ ಸೆಟಪ್ ಮಾಡುವುದರಲ್ಲೇ ಮೊದಲ ದಿನ ಹೋಗುವುದನ್ನು ನೋಡಿದ್ದೇನೆ. ಪೈಥಾನ್ ಕಲಿಯುವವರಿಗೆ ಇದ್ಯಾವುದೂ ಬೇಡ, ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಅನ್ನುವ ಎಡಿಟರ್ ಹಾಕಿಕೊಳ್ಳಿ, ಒಂದು ಎಕ್ಸ್‌ಪ್ರೆಶನ್ ತುಂಡು ತುಂಡಾಗಿ ಹೇಗೆ ಬೆಲೆಯಾಗುತ್ತದೆ ಅಂತ ಕಣ್ಣಮುಂದೆ ತೋರಿಸುತ್ತದೆ. ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಮುಟ್ಟುವಂಥ ತಪ್ಪುಗಳಿಗೆ ಜಿಡಿಬಿಗಿಂತ ಮೊದಲು ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರೈಂಡ್ ಓಡಿಸಿ, ಇಲ್ಲವೇ ಜಿಸಿಸಿಯ ಅಡ್ರೆಸ್ ಸ್ಯಾನಿಟೈಜರ್ ಆನ್ ಮಾಡಿ. ಮ್ಯಾಕ್ ಇರುವವರು ಜಿಡಿಬಿ ಜೊತೆ ಗುದ್ದಾಡಬೇಡಿ, ಅಲ್ಲಿ ಎಲ್‌ಎಲ್‌ಡಿಬಿ ಅನ್ನುವ ಡೀಬಗರ್ ಇದೆ. ನೆಕ್ಸ್ಟ್, ಪ್ರಿಂಟ್, ಬಿಟಿ ಈ ಮೂರೂ ಅಲ್ಲಿಯೂ ನಡೆಯುತ್ತವೆ, ಬ್ರೇಕ್ ಮತ್ತು ವಾಚ್ ಬರೆಯುವ ರೀತಿ ಮಾತ್ರ ಬೇರೆ.