ಆಘಾತದ ನಂತರದ ಚೇತರಿಕೆ: ನಾನು ಹಿಡಿದು ನೋಡಿದ ನಾಲ್ಕು ದಾರಿಗಳು

ರಸ್ತೆ ಅಪಘಾತದಲ್ಲಿ ಬದುಕುಳಿದವರಿಗೆ ಮೈಮೇಲಿನ ಗಾಯ ಮಾಗಿದ ಮೇಲೂ ಬ್ರೇಕಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ನಡುರಾತ್ರಿ ಬೆಚ್ಚಿ ಏಳುವುದು, ಸಣ್ಣ ಮಾತಿಗೂ ಸಿಡುಕುವುದು ತಿಂಗಳುಗಟ್ಟಲೆ ಉಳಿಯಬಹುದು. ನನಗೂ ಹಾಗೇ ಆದಾಗ ಮಲಗಿಯೇ ಮಾಡುವ ಯೋಗನಿದ್ರೆ, ಹಣೆಗೆ ಎಣ್ಣೆ ಇಳಿಸುವ ಆಯುರ್ವೇದದ ಶಿರೋಧಾರಾ, ಆಪ್ತಸಮಾಲೋಚನೆ, ಮೌನದಲ್ಲಿ ಮಾಡುವ ವಿಪಶ್ಯನ ಧ್ಯಾನ ಈ ನಾಲ್ಕನ್ನೂ ಪ್ರಯತ್ನಿಸಿದೆ. ಒಂದು ಮಾಡಿದರೆ ಇನ್ನೊಂದು ಬೇಡ ಎಂದು ಹಲವರು ಹೇಳುತ್ತಾರೆ. ಆದರೆ ದೇಹವನ್ನು ಶಾಂತಗೊಳಿಸುವ ಕೆಲಸವೇ ಬೇರೆ, ನೆನಪಿಗೆ ಅಂಟಿಕೊಂಡ ಭಯವನ್ನು ಕಳೆಯುವ ಕೆಲಸವೇ ಬೇರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿದ್ದೆಯ ಮಟ್ಟಿಗೆ ಯೋಗನಿದ್ರೆಯೇ ಮೇಲು. ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಕ್ರಮದಲ್ಲಿ, ಶವಾಸನದಲ್ಲಿ ಮಲಗಿ, ಬಲಗೈ ಹೆಬ್ಬೆರಳಿನಿಂದ ಆರಂಭಿಸಿ ತೋರುಬೆರಳು, ನಡುಬೆರಳು, ಅಂಗೈ, ಮಣಿಕಟ್ಟು ಎಂದು ಗಮನವನ್ನು ಇಡೀ ಮೈಯಲ್ಲಿ ಸುತ್ತಿಸಬೇಕು. ಎಷ್ಟೋ ರಾತ್ರಿ ನಾನು ಎಡಗಾಲನ್ನು ತಲುಪುವ ಮೊದಲೇ ನಿದ್ದೆ ಹೋಗಿದ್ದೇನೆ. ಆದರೆ ಕಣ್ಣು ಮುಚ್ಚಿ ದೃಶ್ಯಗಳನ್ನು ಕಲ್ಪಿಸಿಕೊಳ್ಳುವ ಘಟ್ಟ ಬಂದಾಗ ಅಪಘಾತದ ಚಿತ್ರವೇ ನುಗ್ಗುತ್ತಿತ್ತು. ಆದ್ದರಿಂದ ಶಿಕ್ಷಕಿಯ ಸಲಹೆಯಂತೆ ಆ ಭಾಗವನ್ನು ಬಿಟ್ಟು, ಕಣ್ಣನ್ನು ಅರೆ ತೆರೆದುಕೊಂಡೇ ಅಭ್ಯಾಸ ಮಾಡಿದೆ. ಶಿರೋಧಾರಾ ಹಿತಕರವೇನೋ ಹೌದು. ಹಣೆಯ ಮೇಲೆ ಉಗುರುಬೆಚ್ಚಗಿನ ಎಣ್ಣೆ ಎಡೆಬಿಡದೆ ಇಳಿಯುವಾಗ ಹುಬ್ಬಿನ ಬಿಗಿತ ತಾನಾಗಿ ಸಡಿಲಗೊಳ್ಳುತ್ತದೆ. ಆದರೆ ಆ ಹಿತ ನನ್ನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ, ಖರ್ಚೂ ದೊಡ್ಡದು.

ರಸ್ತೆಗೆ ಮತ್ತೆ ಇಳಿಯುವ ಧೈರ್ಯ ಬಂದದ್ದು ಆಪ್ತಸಮಾಲೋಚನೆಯಿಂದಲೇ. ಮೊದಲ ಭೇಟಿಗಳಲ್ಲಿ ಸಮಾಲೋಚಕರು ಅಪಘಾತದ ವಿಷಯವನ್ನೇ ಎತ್ತದೆ, ಗಾಬರಿಯಾದಾಗ ಕಣ್ಣಿಗೆ ಕಾಣುವ 5, ಮುಟ್ಟಬಹುದಾದ 4, ಕಿವಿಗೆ ಬೀಳುವ 3, ಮೂಗಿಗೆ ತಾಗುವ 2, ನಾಲಿಗೆಗೆ ಸಿಗುವ 1 ಸಂಗತಿಯನ್ನು ಹೆಸರಿಸುವುದನ್ನು ಕಲಿಸಿದರು. ಅನಂತರ ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಿನಂತೆ ಬರೆಸಿದರು: ಗೇಟಿನ ಬಳಿ ನಿಂತು ವಾಹನಗಳನ್ನು ನೋಡುವುದು, ಜೊತೆಗೊಬ್ಬರನ್ನು ಕರೆದುಕೊಂಡು ರಸ್ತೆ ದಾಟುವುದು, ಕೊನೆಗೆ ಅದೇ ತಿರುವಿನಲ್ಲಿ ಸ್ಕೂಟರ್ ಓಡಿಸುವುದು. ಒಂದು ಮೆಟ್ಟಿಲಿನಲ್ಲಿ ನಡುಕ ತಗ್ಗುವವರೆಗೆ ಮುಂದಿನದಕ್ಕೆ ಕೈ ಹಾಕುವಂತಿರಲಿಲ್ಲ. ಇದು ಕಷ್ಟದ ದಾರಿ; ಕೆಲವು ಭೇಟಿಗಳ ನಂತರ ಆ ಇಡೀ ದಿನ ಮೈ ಸೋತು ಹೋಗುತ್ತಿತ್ತು. ಆದರೂ ಆಘಾತಕ್ಕೆಂದೇ ರೂಪಿಸಿದ ಇಂಥ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2013ರಲ್ಲಿ ಶಿಫಾರಸು ಮಾಡಿದೆ.

ವಿಪಶ್ಯನದ 10 ದಿನಗಳ ಶಿಬಿರಕ್ಕೆ ನಾನು ಹೋದದ್ದು ಇದೆಲ್ಲ ಒಂದು ಹಂತಕ್ಕೆ ಬಂದ ಮೇಲೆ. ನಸುಕಿನ 4 ಗಂಟೆಗೆ ಏಳುವುದು, ಪೂರ್ಣ ಮೌನ, ದಿನಕ್ಕೆ ಸುಮಾರು 10 ಗಂಟೆ ಧ್ಯಾನ. ದಿನನಿತ್ಯದ ಒತ್ತಡ ತಗ್ಗಲು ಇಷ್ಟು ಆಳವಾದ ಸಾಧನ ಮತ್ತೊಂದನ್ನು ನಾನು ಕಂಡಿಲ್ಲ. ಆದರೆ ಆ ಮೌನದಲ್ಲಿ ಹಳೆಯ ನೆನಪು ಎದ್ದಾಗ ಪಕ್ಕದವರೊಡನೆ ಹೇಳಿಕೊಳ್ಳುವಂತಿಲ್ಲವಾದ್ದರಿಂದ, ಆಘಾತ ಹಸಿಯಾಗಿರುವವರು ಮೊದಲಿಗೇ ಅಲ್ಲಿಗೆ ಹೋಗಬಾರದೆಂದು ಒತ್ತಿ ಹೇಳುತ್ತೇನೆ.

ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಅದನ್ನು ಆಪ್ತಸಮಾಲೋಚನೆಗೆ ಎತ್ತಿಡಿ. ಯೋಗನಿದ್ರೆಯನ್ನು ಕಲಿತ ಮೇಲೆ ಮನೆಯಲ್ಲೇ ಖರ್ಚಿಲ್ಲದೆ ಮುಂದುವರಿಸಬಹುದು. ಸಮಾಲೋಚನೆಗೆ ಹಣದ ಅನುಕೂಲವಿಲ್ಲದವರು ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.