ಟ್ರಾಲ್ ಬೋಟಿಗೆ ಸ್ಟೀಲ್ ಆಂಟೆನಾ ಮೌಂಟ್: ಮೌಂಟ್ ಗಟ್ಟಿ, ಬೋಲ್ಟು ದಂಡ

ನಮ್ಮದು ಮಲ್ಪೆಯ ಟ್ರಾಲ್ ಬೋಟು. ವಿಎಚ್‌ಎಫ್ (ಸಮುದ್ರದಲ್ಲಿ ಮಾತಾಡುವ ರೇಡಿಯೊ) ಆಂಟೆನಾವನ್ನು ಹಿಡಿದು ನಿಲ್ಲಿಸುವ ಹಳೆಯ ನೈಲಾನ್ ಮೌಂಟ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಜೂನ್-ಜುಲೈ ಮೀನುಗಾರಿಕೆ ರಜೆಯಲ್ಲಿ ಅದನ್ನು ಕಿತ್ತು, ಉಪ್ಪು ಗಾಳಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ರ‍್ಯಾಚೆಟ್ ಮೌಂಟ್ ಹಾಕಿಸಿದೆವು.

ಹಿಡಿಕೆ ಸಡಿಲಿಸಿದರೆ ಆಂಟೆನಾ ಮಲಗುತ್ತದೆ. ಇದೇ ದೊಡ್ಡ ಲಾಭ. ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಾಗ ಪಕ್ಕದವರ ಹಗ್ಗ ಸಿಕ್ಕಿ ಮುರಿಯುವ ಚಿಂತೆ ಇಲ್ಲ. ಆಂಟೆನಾ ತಿರುಗಿಸಿ ಕೂರಿಸುವ ಬುಡದ್ದು 1 ಇಂಚು, ಇಂಚಿಗೆ 14 ಥ್ರೆಡ್ (ತಿರುಪಿನ ಸುತ್ತು). ಬೋಟಿನ ಆಂಟೆನಾಗಳು ಬಹುತೇಕ ಅದಕ್ಕೇ ಕೂರುತ್ತವೆ.

ಆದರೆ ಜೊತೆಗೆ ಕೊಟ್ಟ ಬೋಲ್ಟುಗಳು ಸುಮ್ನೆ ದಂಡ. ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದವು. ಅವನ್ನು ಎಸೆದು 316ರ ಬೋಲ್ಟನ್ನೇ ಬೇರೆ ತಗೊಳ್ಳಿ. ನಿಮ್ಮದು 8 ಅಡಿಯ ಫೈಬರ್ ಆಂಟೆನಾ ಆಗಿದ್ದರೆ ಮೇಲೊಂದು ಕ್ಲಾಂಪ್ ಕೂಡ ಬೇಕು. ಇಲ್ಲದಿದ್ದರೆ ಪ್ರತಿ ಅಲೆಯ ಹೊಡೆತವೂ ಬುಡಕ್ಕೇ ಬೀಳುತ್ತದೆ. ಆ ಕ್ಲಾಂಪ್ ಡಬ್ಬದಲ್ಲಿ ಬರಲ್ಲ. ಇಷ್ಟು ಬೆಲೆಗೆ ಕೊಡಬಹುದಿತ್ತು ಅಲ್ವಾ?

ಮೌಂಟಿಗೆ ದುಡ್ಡು ಸುರಿದು ಕೇಬಲ್‌ನಲ್ಲಿ ಜಿಪುಣತನ ಮಾಡುವವರೇ ಜಾಸ್ತಿ. ತುರ್ತು ಕರೆಯ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ, 50 ಅಡಿ ತೆಳು ಆರ್‌ಜಿ-58 ಕೇಬಲ್ ಸುಮಾರು ಅರ್ಧ ಶಕ್ತಿ ನುಂಗುತ್ತದೆ. ದಪ್ಪದ್ದನ್ನೇ ಎಳೆಸಿ. ಕೇಬಲ್ ಒಳಗೆ ಇಳಿಯುವ ಮುಂಚೆ ಒಂದು ಬಳುಕು ಕೆಳಕ್ಕೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹೊರಗಿನ ಕನೆಕ್ಟರ್‌ಗೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ.

ಟ್ರಾಲ್ ಬೋಟಿನವರು ಧೈರ್ಯವಾಗಿ ತಗೊಳ್ಳಿ. ನಾಡದೋಣಿಗೆ ಇದು ಅತಿಯಾಯಿತು, ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್ಟೇ ಸಲೀಸು.