ಇಂಟರ್ನ್‌ಶಿಪ್ ಕೋಚಿಂಗ್‌ಗೆ 38 ಸಾವಿರ: ಎಲ್ಲಿ ವಸೂಲಾಯಿತು, ಎಲ್ಲಿ ಇಲ್ಲ

ಫೈನಾನ್ಸ್ ಮತ್ತು ಕನ್ಸಲ್ಟಿಂಗ್ (ಕಂಪನಿಗಳಿಗೆ ಸಲಹೆ ಕೊಡುವ ಕೆಲಸ) ಇಂಟರ್ನ್‌ಶಿಪ್‌ಗೆ ತಯಾರು ಮಾಡುತ್ತೇವೆ ಎನ್ನುವ ಆನ್‌ಲೈನ್ ಕೋಚಿಂಗ್ ಒಂದನ್ನು ಬಿಕಾಂ ಎರಡನೇ ವರ್ಷದಲ್ಲಿ ತಗೊಂಡೆ. ಈಗ ಡಿಗ್ರಿ ಮುಗಿದಿದೆ, ಒಂದು ಇಂಟರ್ನ್‌ಶಿಪ್ಪೂ ಮುಗಿದಿದೆ. ಕಂಪನಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಇಂಥವು ಈಗ ಹತ್ತಾರಿವೆ, ಪ್ಯಾಕೇಜೂ ಹೆಚ್ಚುಕಡಿಮೆ ಒಂದೇ ಥರ. ರೆಕಾರ್ಡ್ ಮಾಡಿದ ವಿಡಿಯೊಗಳು, ರೆಸ್ಯೂಮೆ ತಿದ್ದುವುದು, 12 ಮಾಕ್ ಇಂಟರ್‌ವ್ಯೂ (ಅಭ್ಯಾಸಕ್ಕೆ ಮಾಡುವ ಸಂದರ್ಶನ), ಒಂದು ವಾಟ್ಸಾಪ್ ಗುಂಪು, ಕಂಪನಿಯ ಒಳಗಿನವರಿಂದ ಶಿಫಾರಸು ಕೊಡಿಸುತ್ತೇವೆ ಎನ್ನುವ ‘ರೆಫರಲ್ ನೆಟ್‌ವರ್ಕ್’, ಕೊನೆಗೊಂದು ಸರ್ಟಿಫಿಕೇಟ್. ನನಗೆ ಬಿದ್ದ ಬೆಲೆ 38,000 ರೂಪಾಯಿ. ಇದರಲ್ಲಿ ಪೂರ್ತಿ ಕೆಲಸಕ್ಕೆ ಬಂದಿದ್ದು ಮಾಕ್ ಇಂಟರ್‌ವ್ಯೂ. ರೆಸ್ಯೂಮೆ ಅರ್ಧ. ಉಳಿದದ್ದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ.

ಯಾಕೆ ತಗೊಂಡೆ ಅಂತ ಹೇಳದಿದ್ದರೆ ವಿಮರ್ಶೆಗೆ ಅರ್ಥವಿಲ್ಲ. ನಮ್ಮೂರು ಶಿವಮೊಗ್ಗ. ಓದಿದ್ದು ಬೆಂಗಳೂರಿನ ಒಂದು ಸಾಧಾರಣ ಕಾಲೇಜಿನಲ್ಲಿ. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲಿದೆ. ಜೆಪಿ ಮಾರ್ಗನ್, ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯುಸಿ ಎಲ್ಲವೂ ಇದೇ ಊರಿನಲ್ಲಿವೆ. ಆದರೆ ಇಂಥ ಕಂಪನಿಗಳಲ್ಲಿ ಒಂದೂ ನಮ್ಮ ಕ್ಯಾಂಪಸ್ಸಿಗೆ ಬಂದಿದ್ದು ನಾನು ನೋಡಿಲ್ಲ. ಐಐಎಂ ಬೆಂಗಳೂರಿನಂಥ ಕಡೆ ಓದುವವರಿಗೆ ಕನ್ಸಲ್ಟಿಂಗ್ ಕ್ಲಬ್ ಇರುತ್ತದೆ. ಹಿಂದಿನ ಬ್ಯಾಚಿನ ಸೀನಿಯರ್‌ಗಳು ಕೂರಿಸಿಕೊಂಡು ಕೇಸ್ (ಇಂಟರ್‌ವ್ಯೂನಲ್ಲಿ ಬಿಡಿಸಲು ಕೊಡುವ ವ್ಯಾಪಾರದ ಸಮಸ್ಯೆ) ಮಾಡಿಸುತ್ತಾರೆ, ತಪ್ಪಿದ ಕಡೆ ಬೈಯುತ್ತಾರೆ, ಎಲ್ಲ ಬಿಟ್ಟಿ. ನಮಗೆ ಹಾಗೆ ಬೈಯುವವರೇ ಇರಲಿಲ್ಲ. 38 ಸಾವಿರ ಕೊಟ್ಟಿದ್ದು ಅದಕ್ಕೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಸೇಲ್ಸ್‌ನವರು ‘ನೋ ಕಾಸ್ಟ್ ಇಎಂಐ’ ಅಂದರು. ಹಾಗೆಂದರೆ ಒಂದು ಫೈನಾನ್ಸ್ ಕಂಪನಿಯಿಂದ ಅಪ್ಪನ ಪ್ಯಾನ್ ಮೇಲೆ ಸಾಲ. ಕೋರ್ಸ್ ಇಷ್ಟವಾಗದೆ ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ, ಯಾಕೆಂದರೆ ಸಾಲ ಕೊಟ್ಟವರೇ ಬೇರೆ, ಪಾಠ ಹೇಳುವವರೇ ಬೇರೆ. ಆರ್‌ಬಿಐ 2022ರಲ್ಲಿ ತಂದ ಡಿಜಿಟಲ್ ಸಾಲದ ನಿಯಮದ ಪ್ರಕಾರ, ಸಹಿ ಹಾಕುವ ಮೊದಲೇ ಬಡ್ಡಿ, ಶುಲ್ಕ ಎಲ್ಲ ಬರೆದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಬೇಕು. ದಂಡವಿಲ್ಲದೆ ಸಾಲದಿಂದ ಹೊರಬರಲು ‘ಕೂಲಿಂಗ್ ಆಫ್’ ಅವಧಿಯೂ ಇರಬೇಕು. ಆ ಕಾಗದ ನಮಗೆ ಸಿಕ್ಕಿದ್ದು ಕೇಳಿ ಕೇಳಿ. ಇನ್ನೊಂದು, ಫೋನಿನಲ್ಲಿ ಅವರು ‘ಇಂಟರ್ನ್‌ಶಿಪ್ ಗ್ಯಾರಂಟಿ’ ಅಂದಿದ್ದರು. ಇಮೇಲ್‌ನಲ್ಲಿ ಬರೆದುಕೊಡಿ ಎಂದಾಗ ಅದು ‘ಅಸಿಸ್ಟೆನ್ಸ್’ ಆಯಿತು. ಆಯ್ಕೆ ಗ್ಯಾರಂಟಿ, ಕೆಲಸ ಗ್ಯಾರಂಟಿ ಅಂತ ಕೋಚಿಂಗ್‌ನವರು ಜಾಹೀರಾತು ಹಾಕಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲೇ ಮಾರ್ಗಸೂಚಿ ತಂದಿದೆ. ಫೋನಿನಲ್ಲಿ ಹೇಳುವುದು ಮಾತ್ರ ನಿಂತಿಲ್ಲ.

ವಿಡಿಯೊಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಟ್ಟದಾಗಿಲ್ಲ, ಬೇಕಾಗಿಯೂ ಇಲ್ಲ. ವ್ಯಾಲ್ಯುಯೇಶನ್, ಅಂದರೆ ಕಂಪನಿಗೆ ಬೆಲೆ ಕಟ್ಟುವುದು, ಕಲಿಯಬೇಕಾದರೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅಶ್ವಥ್ ದಾಮೋದರನ್ ತಮ್ಮ ಇಡೀ ಕೋರ್ಸಿನ ಪಾಠಗಳನ್ನು, ಎಕ್ಸೆಲ್ ಹಾಳೆಗಳ ಸಮೇತ, ಉಚಿತವಾಗಿ ಇಟ್ಟಿದ್ದಾರೆ. ಅಭ್ಯಾಸಕ್ಕೆ ಯಾವುದೇ ಲಿಸ್ಟೆಡ್ ಕಂಪನಿಯ ವಾರ್ಷಿಕ ವರದಿ ಬಿಎಸ್‌ಇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹತ್ತು ವರ್ಷದ ಅಂಕಿಅಂಶ ಒಂದೇ ಹಾಳೆಯಲ್ಲಿ ಬೇಕೆಂದರೆ ಸ್ಕ್ರೀನರ್ ಎಂಬ ವೆಬ್‌ಸೈಟ್ ಇದೆ. ಕಂಪನಿಗಳಲ್ಲಿ ಕೆಲಸ ಹೇಗಿರುತ್ತದೆ ಎಂದು ನೋಡಲು ಫೋರೇಜ್ ಎಂಬ ವೆಬ್‌ಸೈಟಿನ ಉಚಿತ ಸಿಮ್ಯುಲೇಶನ್‌ಗಳಿವೆ. ಕನ್ಸಲ್ಟಿಂಗ್ ವಿಡಿಯೊಗಳಂತೂ ಹಳಸಿದ್ದವು. ಕನ್ಸಲ್ಟಿಂಗ್ ಕಂಪನಿ ಮೆಕಿನ್ಸಿ ಆಯ್ಕೆಗೆ ನಡೆಸುವ, ಆಟದ ರೂಪದ ‘ಸಾಲ್ವ್’ ಪರೀಕ್ಷೆಗೆ ರೆಡ್‌ರಾಕ್ ಭಾಗ ಬಂದು ಎಷ್ಟೋ ದಿನವಾದರೂ ಇವರ ವಿಡಿಯೊದಲ್ಲಿ ಬರೀ ಇಕೋಸಿಸ್ಟಂ ಆಟವೇ ಇತ್ತು.

ಸರ್ಟಿಫಿಕೇಟ್ ಕಥೆಯೂ ಅಷ್ಟೇ. ಇವರ ಹೆಸರಿನ ಸರ್ಟಿಫಿಕೇಟ್ ಬಗ್ಗೆ ಯಾವ ಇಂಟರ್‌ವ್ಯೂನಲ್ಲೂ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನೇ ಬೇರೆಯಾಗಿ ಬರೆದ ಎನ್‌ಐಎಸ್‌ಎಂ ರಿಸರ್ಚ್ ಅನಲಿಸ್ಟ್ ಪರೀಕ್ಷೆಯ ಬಗ್ಗೆ ಕೇಳಿದರು. ಎನ್‌ಐಎಸ್‌ಎಂ ಅಂದರೆ ಷೇರುಪೇಟೆ ನಿಯಂತ್ರಕ ಸೆಬಿ ಕಟ್ಟಿದ ಸಂಸ್ಥೆ. ಪಾಸಾಗಲು ಶೇ. 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸರ್ಟಿಫಿಕೇಟ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಕೋಚಿಂಗ್ ಬೆಲೆಯ ಮುಂದೆ ಅದರ ಫೀಸ್ ಲೆಕ್ಕಕ್ಕೇ ಇಲ್ಲ.

ರೆಸ್ಯೂಮೆಗೆ ಬರೋಣ. ಅವರ ಟೆಂಪ್ಲೇಟ್ ಎರಡು ಕಾಲಮ್‌ನದು, ಎಕ್ಸೆಲ್ ಎಷ್ಟು ಬರುತ್ತದೆ ಎಂದು ತೋರಿಸಲು ಚುಕ್ಕಿಗಳು ಬೇರೆ. ಐದಕ್ಕೆ ನಾಲ್ಕು ಚುಕ್ಕಿ ಎಕ್ಸೆಲ್ ಅಂದರೆ ಏನರ್ಥ ಹೇಳಿ? ಅದನ್ನು ಬಿಟ್ಟು ಒಂದೇ ಕಾಲಮ್ಮಿನ ಸಾದಾ ವರ್ಡ್ ಫೈಲ್ ಮಾಡಿಕೊಂಡೆ. ಆದರೆ ತಿದ್ದಲು ಕೊಟ್ಟ ಮೆಂಟರ್ ಚೆನ್ನಾಗಿದ್ದರು. ಹುಬ್ಬಳ್ಳಿಯವರು, ಒಂದು ಕನ್ಸಲ್ಟಿಂಗ್ ಸಂಸ್ಥೆಯಲ್ಲಿ ಕೆಲಸ ಮಾಡಿ ಬಿಟ್ಟವರು. ಕಾಲೇಜು ಫೆಸ್ಟ್, ಎನ್‌ಎಸ್‌ಎಸ್, ಕ್ವಿಜ್ ಎಲ್ಲ ಓದಿ, ‘ರಜಾದಾಗ ಏನ್ ಮಾಡ್ತೀರಿ?’ ಅಂದರು. ಮಾವನ ಅಡಿಕೆ ಮಂಡಿಯಲ್ಲಿ ಟ್ಯಾಲಿ ಲೆಕ್ಕ ಬರೀತೀನಿ ಸರ್, ಅಂದೆ. ‘ಅದನ್ನ್ಯಾಕ ಬರ್ದಿಲ್ರಿ? ಅದ ಮೊದಲ ಬರ್ಕೋರಿ.’

ಬರೆದೆವು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯನ್ನು ದರ್ಜೆವಾರು ಬಿಡಿಸುವುದು ಬೇಡ ಎಂದು ತೀರ್ಮಾನಿಸಿದೆವು, ಇಂಗ್ಲಿಷಿನಲ್ಲಿ ಅದು ಯಾರಿಗೂ ತಿಳಿಯಲ್ಲ. ಬೆಳೆಗಾರರಿಗೆ ಕೊಟ್ಟ ಮುಂಗಡ, ಖರೀದಿದಾರರಿಂದ ಬರಬೇಕಾದ ಬಾಕಿ, ಯಾವ ಬಾಕಿ ಎಷ್ಟು ದಿನದ್ದು ಎಂದು ನಾನು ಮಾಡಿಕೊಟ್ಟ ಪಟ್ಟಿ, ಇವು ಮೂರು ಸಾಲಿನಲ್ಲಿ ಬಂದವು. ಆಮೇಲೆ ನಾನು ಕೊಟ್ಟ ಪ್ರತಿ ಇಂಟರ್‌ವ್ಯೂನಲ್ಲೂ ಮಾತು ಶುರುವಾಗಿದ್ದು ಅಲ್ಲಿಂದಲೇ. ಮಂಡಿಗೆ ಲಾಭ ಇದೆಯಲ್ಲ, ಮತ್ತೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಯಾಕೆ ಬೇಕು ಎಂದು ಕೇಳುತ್ತಿದ್ದರು. ಯಾಕೆಂದರೆ ಬೆಳೆಗಾರನಿಗೆ ದುಡ್ಡು ಕೊಯ್ಲಿಗೆ ಮೊದಲೇ ಹೋಗಿರುತ್ತದೆ, ಕೊಂಡವನಿಂದ ಬರುವುದು ವಾರಗಟ್ಟಲೆ ತಡ. ಕಮಿಷನ್ ಪುಸ್ತಕದಲ್ಲಿ ಬಂದಿರುತ್ತದೆ, ಗಲ್ಲಾದಲ್ಲಿ ಇರುವುದಿಲ್ಲ. ವರ್ಕಿಂಗ್ ಕ್ಯಾಪಿಟಲ್ (ದಿನದಿನದ ವ್ಯವಹಾರ ನಡೆಸಲು ಬೇಕಾದ ಹಣ) ಎಂಬ ಅಧ್ಯಾಯವನ್ನು ಕಾಲೇಜಿನಲ್ಲಿ ಓದಿ ಅಂಕ ತಗೊಂಡಿದ್ದೆ. ಬಾಯಿಬಿಟ್ಟು ಹೇಳಲು ಬಂದಿದ್ದು ಮಂಡಿಯ ಲೆಕ್ಕದಿಂದ.

ಇನ್ನು ಮಾಕ್ ಇಂಟರ್‌ವ್ಯೂ. ಪ್ಯಾಕೇಜಿನ ಜಾಹೀರಾತಿನಲ್ಲಿ ಇದು ಕೊನೆಯ ಸಾಲು, ನನ್ನ ಮಟ್ಟಿಗೆ ಇದೇ ಮೊದಲನೆಯದು. ಒಂದು ಗಂಟೆ ಝೂಮ್‌ನಲ್ಲಿ, ರೆಕಾರ್ಡಿಂಗ್ ನಮಗೇ ಕೊಡುತ್ತಾರೆ. ಫೈನಾನ್ಸ್ ಭಾಗದಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ: ಸವಕಳಿ (ಯಂತ್ರ ಹಳತಾದಂತೆ ಇಳಿಯುವ ಬೆಲೆ) 10 ರೂಪಾಯಿ ಜಾಸ್ತಿಯಾದರೆ ಲಾಭ-ನಷ್ಟ, ಕ್ಯಾಶ್ ಫ್ಲೋ, ಬ್ಯಾಲೆನ್ಸ್ ಶೀಟ್ ಈ ಮೂರು ಸ್ಟೇಟ್‌ಮೆಂಟ್‌ಗಳಲ್ಲಿ ಏನಾಗುತ್ತದೆ? ತೆರಿಗೆ ಶೇ. 25 ಅಂದುಕೊಳ್ಳಿ. ನಿವ್ವಳ ಲಾಭ 7.50 ಕಮ್ಮಿ. ಸವಕಳಿಯಲ್ಲಿ ನಗದು ಹೊರಗೆ ಹೋಗಿಲ್ಲ, ಹಾಗಾಗಿ ಕ್ಯಾಶ್ ಫ್ಲೋನಲ್ಲಿ 10 ವಾಪಸ್ ಸೇರಿಸಿದರೆ ಕೈಯಲ್ಲಿ 2.50 ಜಾಸ್ತಿ. ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರದ ಮೌಲ್ಯ 10 ಇಳಿಯಿತು, ನಗದು 2.50 ಏರಿತು, ಒಟ್ಟು 7.50 ಇಳಿತ. ಆ ಕಡೆ ರಿಸರ್ವ್‌ನಲ್ಲೂ (ಕೂಡಿಟ್ಟ ಲಾಭ) 7.50 ಇಳಿತ. ತಾಳೆಯಾಯಿತು. ಕಾಗದದ ಮೇಲೆ ಇದು ಎರಡು ನಿಮಿಷದ ಕೆಲಸ. ಪೆನ್ನಿಲ್ಲದೆ, ಕ್ಯಾಮೆರಾ ನೋಡಿಕೊಂಡು, ನಡುವೆ ‘ಖರ್ಚು ಜಾಸ್ತಿಯಾದರೆ ನಗದು ಹೆಂಗ ಜಾಸ್ತಿ ಆಕ್ಕತ್ರೀ?’ ಎಂದು ಒಬ್ಬರು ಕೇಳುತ್ತಿರುವಾಗ ಹೇಳುವುದು ಬೇರೆಯೇ ಕೆಲಸ. (ತೆರಿಗೆ ಉಳಿದಿದ್ದರಿಂದ. ಆ ಒಂದು ಮಾತಿಗಾಗಿಯೇ ಈ ಪ್ರಶ್ನೆ ಕೇಳುವುದು.)

ಕನ್ಸಲ್ಟಿಂಗ್ ಕಡೆ ಗೆಸ್ಟಿಮೇಟ್, ಅಂದರೆ ಅಂದಾಜಿನ ಲೆಕ್ಕ, ಇರುತ್ತದೆ. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ದಿನಕ್ಕೆ ಎಷ್ಟು ಕಾಫಿ ಹೋಗುತ್ತದೆ? ಯೂಟ್ಯೂಬ್ ನೋಡಿ ಬಂದವರು ಊರಿನ ಜನಸಂಖ್ಯೆಯಿಂದ ಶುರು ಮಾಡುತ್ತಾರೆ. ಮೆಂಟರ್ ಹೇಳಿದ್ದು, ಕೌಂಟರ್ ಮುಂದೆ ನಿಂತವರ ಹಾಗೆ ಲೆಕ್ಕ ಹಾಕಿ ಅಂತ. ಬೆಳಗ್ಗೆ ಆರೂವರೆಯಿಂದ ಹತ್ತೂವರೆ, ಗಂಟೆಗೆ ಸರಾಸರಿ 150 ಲೋಟ, ಅಲ್ಲಿಗೆ 600. ಅಲ್ಲಿಂದ ನಾಲ್ಕು ಗಂಟೆವರೆಗೆ ಮಂದ, ಗಂಟೆಗೆ 40ರಂತೆ 220. ಸಂಜೆ ನಾಲ್ಕರಿಂದ ಏಳು, 120ರಂತೆ 360. ರಾತ್ರಿ ಒಂಬತ್ತೂವರೆವರೆಗೆ ಇನ್ನೊಂದು 100. ಒಟ್ಟು 1,280. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಅಂಕ. ಲೋಟಕ್ಕೆ 80 ಮಿಲಿ ಹಾಲು ಅಂದುಕೊಂಡರೆ ಸುಮಾರು 100 ಲೀಟರ್, ಅಂದರೆ ಅರ್ಧ ಲೀಟರಿನ 200 ಪ್ಯಾಕೆಟ್. ಬೆಳಗಿನ ಜಾವ ಆ ಹೋಟೆಲ್ ಬಾಗಿಲಿಗೆ ಅಷ್ಟು ಹಾಲು ಇಳಿಯುತ್ತದಾ? ಜನಸಂದಣಿಯ ಜಾಗವಾದರೆ ಇಳಿಯಬಹುದು, ಒಳಬೀದಿಯಾದರೆ ಕಷ್ಟ. ಈ ಎರಡನೇ ಲೆಕ್ಕ ಹಾಕಿ ಮೊದಲನೆಯದನ್ನು ತಾವೇ ಪರೀಕ್ಷೆ ಮಾಡುವವರು ಕಮ್ಮಿ, ಇಂಟರ್‌ವ್ಯೂ ಮಾಡುವವರು ಕಾಯುವುದು ಅದಕ್ಕೇ.

ಭಾಷೆಯ ಬಗ್ಗೆ ಒಂದು ಮಾತು, ಯಾಕೆಂದರೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನೇ ಕೇಳುತ್ತಾರೆ. ನಾನು ತಡವರಿಸಿದಾಗಲೆಲ್ಲ ನಮ್ಮ ಮೆಂಟರ್ ‘ಮೊದಲ ಕನ್ನಡದಾಗ ಹೇಳ್ರಿ, ಆಮ್ಯಾಲೆ ಇಂಗ್ಲಿಷ್‌ನಾಗ ನೋಡೂಣು’ ಅನ್ನುತ್ತಿದ್ದರು. ಕನ್ನಡದಲ್ಲಿ ಹೇಳಿದಾಗ ಗೊತ್ತಾಗುತ್ತಿತ್ತು, ತೊಡಕು ಇಂಗ್ಲಿಷಿನದೋ ವಿಷಯದ್ದೋ ಅಂತ. ಬಹಳ ಸಲ ವಿಷಯದ್ದೇ. ಆದರೆ ಇದು ನನ್ನ ಅದೃಷ್ಟ. ಬೇರೆ ಮೆಂಟರ್ ಸಿಕ್ಕ ದಿನಗಳಲ್ಲಿ ಅನುಭವ ಅಷ್ಟಕ್ಕಷ್ಟೆ. ಒಬ್ಬರು ಇಡೀ ಗಂಟೆ ತಮ್ಮ ಎಂಬಿಎ ಕಥೆ ಹೇಳಿದರು, ಅದನ್ನೂ ಒಂದು ಮಾಕ್ ಅಂತಲೇ ಲೆಕ್ಕ ಹಿಡಿದರು.

ಅತಿ ದೊಡ್ಡ ಮೋಸ ‘ರೆಫರಲ್ ನೆಟ್‌ವರ್ಕ್’. ಅದು ಒಂದು ಗೂಗಲ್ ಶೀಟ್. ಕಂಪನಿ ಹೆಸರು, ಹುದ್ದೆ, ಲಿಂಕ್. ಲಿಂಕ್ ಒತ್ತಿದರೆ ಕಂಪನಿಯ ಕರಿಯರ್ಸ್ ಪುಟ, ಎಲ್ಲರಿಗೂ ಕಾಣುವಂಥದ್ದು. ಅರ್ಧಕ್ಕರ್ಧ ಮುಗಿದುಹೋದ ಅರ್ಜಿಗಳು. ಒಂದು ಸಾಲಿನ ‘ವೆಲ್ತ್ ಮ್ಯಾನೇಜ್‌ಮೆಂಟ್ ಇಂಟರ್ನ್‌ಶಿಪ್’ಗೆ ಅರ್ಜಿ ಹಾಕಿದ ಗೆಳತಿಗೆ ಟ್ರೇನಿಂಗ್ ಡಿಪಾಸಿಟ್ ಕಟ್ಟಿ ಅಂದರು. ಇನ್ನೊಂದು ಕಡೆ ಇಂಟರ್ನ್ ಕೆಲಸ ಎಂದರೆ ನೆಂಟರಿಷ್ಟರಿಗೆ ಡಿಮ್ಯಾಟ್ ಖಾತೆ ತೆಗೆಸುವುದು. ಸಪೋರ್ಟ್‌ಗೆ ಬರೆದರೆ ‘ಟೀಮ್ ಗಮನಕ್ಕೆ ತಂದಿದ್ದೇವೆ’ ಎಂಬ ಉತ್ತರ ಬಂತು. ಶೀಟ್ ಮಾತ್ರ ಹಾಗೇ ಇತ್ತು.

ನನಗೆ ಇಂಟರ್ನ್‌ಶಿಪ್ ಸಿಕ್ಕಿದ್ದು ಲಿಂಕ್ಡ್‌ಇನ್‌ನಲ್ಲಿ ನಮ್ಮ ಕಾಲೇಜಿನ ಪುಟದಲ್ಲಿರುವ ಅಲಮ್ನೈ ಪಟ್ಟಿಯಿಂದ. ಅಲ್ಲಿ ಯಾರು ಯಾವ ಕಂಪನಿಯಲ್ಲಿದ್ದಾರೆ ಎಂದು ಸೋಸಿ ನೋಡಬಹುದು. ನಮಗಿಂತ ಮುಂಚಿನ ಬ್ಯಾಚಿನವರೊಬ್ಬರು ಮಧ್ಯಮ ಗಾತ್ರದ ಸಂಸ್ಥೆಯ ಡ್ಯೂ ಡಿಲಿಜೆನ್ಸ್ ಟೀಮಿನಲ್ಲಿದ್ದರು. ರೆಫರ್ ಮಾಡಿ ಅಂತ ಕೇಳಲಿಲ್ಲ. ‘ಅಕ್ಕಾ, ನಿಮ್ಮ ಟೀಮಿನಲ್ಲಿ ಇಂಟರ್ನ್ ಮೊದಲ ವಾರ ಏನು ಕೆಲಸ ಮಾಡ್ತಾರೆ?’ ಎಂದಷ್ಟೇ ಕೇಳಿದೆ. ಉತ್ತರ ಅರ್ಧ ದಿನದಲ್ಲಿ ಬಂತು: ‘ಬ್ಯಾಂಕ್ ಸ್ಟೇಟ್‌ಮೆಂಟ್ ಕ್ಲೀನ್ ಮಾಡ್ತಾರೆ ಕಣೆ, ಎರಡನೇ ವಾರವೂ ಅದೇ.’ ಅಲ್ಲಿಂದ ಮಾತು ಬೆಳೆಯಿತು, ತಿಂಗಳ ಮೇಲೆ ಜಾಗ ಖಾಲಿಯಾದಾಗ ಅವರೇ ರೆಸ್ಯೂಮೆ ಕೇಳಿದರು. ಇಂಟರ್‌ವ್ಯೂನಲ್ಲಿ ಮುಕ್ಕಾಲು ಭಾಗ ಅಡಿಕೆ ಮಂಡಿ. ಡ್ಯೂ ಡಿಲಿಜೆನ್ಸ್ ಅಂದರೆ ಮಾರಾಟಕ್ಕಿರುವ ಕಂಪನಿಯ ಲಾಭ ನಿಜವೋ, ವರ್ಕಿಂಗ್ ಕ್ಯಾಪಿಟಲ್ ಎಷ್ಟು ಬೇಕು, ಸಾಲ ಎಷ್ಟಿದೆ ಎಂದು ಕೆದಕುವುದು ತಾನೇ, ಅವರಿಗೂ ಬೇಕಾಗಿದ್ದು ಅದೇ. ಅಕ್ಕ ಹೇಳಿದಂತೆ ಮೊದಲ ವಾರ ಬ್ಯಾಂಕ್ ಸ್ಟೇಟ್‌ಮೆಂಟೇ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್, ಎಕ್ಸ್‌ಲುಕಪ್, ಮೌಸ್ ಮುಟ್ಟದೆ ಕೆಲಸ ಮಾಡುವುದು, ಇಷ್ಟು ಬಂದವರು ಆರು ಗಂಟೆಗೆ ಮನೆಗೆ ಹೋದರು.

ಸಿಎ ಮಾಡುತ್ತಿರುವವರಿಗೆ ಇದ್ಯಾವುದೂ ಬೇಡ. 2023ರ ಹೊಸ ಸ್ಕೀಮಿನಲ್ಲಿ ಆರ್ಟಿಕಲ್‌ಶಿಪ್ (ಸಿಎಗೆ ಕಡ್ಡಾಯವಾದ ಕೆಲಸದ ತರಬೇತಿ) 2 ವರ್ಷಕ್ಕೆ ಇಳಿದಿದೆ, ನಿಮಗೆ ಸಿಗುವ ಕೆಲಸದ ಅನುಭವ ನಮ್ಮ ಇಂಟರ್ನ್‌ಶಿಪ್‌ಗಿಂತ ಎಷ್ಟೋ ಗಟ್ಟಿ. ಒಳ್ಳೆಯ ಸೀನಿಯರ್‌ಗಳಿರುವ ಕಾಲೇಜಿನವರಿಗೂ ಬೇಡ. ನಮ್ಮಂಥ ಕಾಲೇಜಿನಲ್ಲಿ, ಮನೆಯಲ್ಲಿ ಯಾರೂ ಈ ಕ್ಷೇತ್ರದಲ್ಲಿ ಇಲ್ಲದವರಿಗೆ ಮಾಕ್ ಮಾತ್ರ ಬೇಕು.

ಐದಕ್ಕೆ ಎರಡೂವರೆ ಕೊಡುತ್ತೇನೆ, ಅಷ್ಟೂ ಹುಬ್ಬಳ್ಳಿ ಸರ್‌ಗೆ. ಮೊನ್ನೆ ಸೇಲ್ಸ್‌ನಿಂದ ಮತ್ತೆ ಫೋನ್, ಪ್ಯಾಕೇಜ್ ರಿನ್ಯೂ ಮಾಡಿ ಅಂತ. ‘ಲೈಫ್‌ಟೈಮ್ ಆಕ್ಸೆಸ್’ ಅಂತ ಕೊಟ್ಟಿದ್ದಿರಲ್ಲ ಎಂದರೆ, ಇದು ಪ್ಲಾಟ್‌ಫಾರ್ಮ್ ಫೀ ಮೇಡಂ, ಅಂದರು. ಕೊಡಲಿಲ್ಲ. ಆದರೆ ನಿಮಗೆ ಉಪಯೋಗವಾಗುವ ಸುದ್ದಿ ಒಂದಿದೆ. ಮಾಕ್ ಮಾತ್ರ ಬಿಡಿಯಾಗಿ ಕೊಡಿ ಎಂದು ಕೇಳಿದರೆ, ವೆಬ್‌ಸೈಟಿನಲ್ಲಿ ಎಲ್ಲೂ ಬರೆದಿಲ್ಲದಿದ್ದರೂ, ಕೊಡುತ್ತಾರೆ. ತಿಂಗಳ ಕೊನೆಯಲ್ಲಿ, ಅವರ ಟಾರ್ಗೆಟ್ ಬಾಕಿ ಇರುವಾಗ ಕೇಳಿ. ನನ್ನ ರೂಮ್‌ಮೇಟ್ 4 ಮಾಕ್ 6,000 ರೂಪಾಯಿಗೆ ತಗೊಂಡಳು, ಮೆಂಟರ್ ಯಾರು ಬೇಕು ಅಂತಲೂ ಅವಳೇ ಆರಿಸಿದಳು.